ಹಾರಿಕೆಯ ಉತ್ತರ

ನವೆಂಬರ್ 2, ಭಾನುವಾರ. ಬೆಳಗ್ಗೆ 8.10

ಮತ್ತೆ ಮೂಗು ಮುರಿಯಿತು. ವಿಮಾನದ್ದು. ನನ್ನನ್ನು ಕಂಡು ಮೂಗು ಮುರಿಯುವ ಕೆಲಸವನ್ನು ಸ್ಟಾಫ್ ರೂಮಿನಲ್ಲಿ ಫಿಸಿಕ್ಸಿನವನು ನೋಡಿಕೊಳ್ಳುತ್ತಾನೆ.

ಮೂರನೇ ಭಾನುವಾರ, ಮೂರನೇ ಮೂಗು. ಕಾಲೇಜಿನ ಹಿಂದಿನ ಬಯಲು. ಗಾಳಿ ಇಲ್ಲ, ಜನ ಇಲ್ಲ, ನೆಪ ಹೇಳಲು ಏನೂ ಇಲ್ಲ. ಅಕ್ಕ ಎತ್ತಿ ಎಸೆದಳು. ನಾನು ರಿಮೋಟ್ ಹಿಡಿದು ನಿಂತಿದ್ದೆ. ಎಂಟು ಸೆಕೆಂಡು ಹಾರಿತು — ಜಾರಿ ಬಿದ್ದವನನ್ನು ಕುಣಿದ ಎನ್ನಬಹುದಾದರೆ ಇದನ್ನೂ ಹಾರಿತು ಎನ್ನಬಹುದು. ಬಲಕ್ಕೆ ವಾಲಿತು. ಸುತ್ತಿಕೊಂಡು ನನ್ನ ಕಡೆಗೇ ಬಂತು. ವಿಮಾನ ನಮ್ಮತ್ತ ಮುಖ ಮಾಡಿದಾಗ ಅದರ ಎಡ ನಮಗೆ ಬಲ. ತಲೆಗೆ ಗೊತ್ತು. ಹೆಬ್ಬೆರಳಿಗೆ ಗೊತ್ತಿಲ್ಲ. ಎಡ ಒತ್ತಬೇಕೋ ಬಲ ಒತ್ತಬೇಕೋ... ಒತ್ತಿದೆ. ನೆಲ ಕಚ್ಚಿತು. ಇಪ್ಪತ್ತು ವರ್ಷ ವ್ಯಾಕರಣ ಪಾಠ ಮಾಡಿದವನಿಗೆ ಎಡವಟ್ಟು ಎಂಬ ಪದದಲ್ಲಿ ಎಡ ಏಕಿದೆ ಎಂದು ಇವತ್ತು ತಿಳಿಯಿತು.

ಅಕ್ಕ ಓಡಿಹೋಗಿ ಎತ್ತಿಕೊಂಡು ಬಂದಳು. "ಬರೀ ಮೂಗು ಕಣೋ. ಮಿಕ್ಕಿದ್ದೆಲ್ಲ ಚೆನ್ನಾಗಿದೆ." ಮೊಣಕಾಲು ತರಚಿಕೊಂಡ ಮಗುವಿಗೆ ಹೇಳುವ ಧಾಟಿ.

ನಲವತ್ತಾರರಲ್ಲಿ ಇದೆಲ್ಲ ಬೇಕಿತ್ತೆ? ಚಾಕ್‌ಪೀಸ್ ಬಿಟ್ಟು ಬೇರೇನನ್ನೂ ಹಿಡಿಯದ ಕೈ. ಒಂದನ್ನಾದರೂ ಕೈಯಾರೆ ಮಾಡಬೇಕೆಂಬ ಹಟ. ಹಗುರವಾದ ಫೋಮ್ ಬೋರ್ಡು, ಗ್ಲೂ ಗನ್ನು, ಒಂದು ಮೋಟಾರು, ಒಂದು ಬ್ಯಾಟರಿ. ಬಾಲದ ಹಲಗೆಗಳನ್ನು ಆಡಿಸಲು ಎರಡು ಸರ್ವೋ — ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಯಂತ್ರಗಳು. ಒಂದು ಸರ್ವೋತ್ತಮ. ಇನ್ನೊಂದು ಸರ್ವನಾಶ.

ನವೆಂಬರ್ 4, ಮಂಗಳವಾರ. ಸಂಜೆ

ಸರ್ವನಾಶವನ್ನು ಅಕ್ಕ ತನ್ನ ಟೈಲರಿಂಗ್ ಅಂಗಡಿಗೆ ಒಯ್ದಿದ್ದಳು. ಪಕ್ಕದ್ದು ಗಡಿಯಾರ ರಿಪೇರಿ ಅಂಗಡಿ. ನಡುವೆ ಒಂದೇ ಗೋಡೆ.

"ಅವರು ಬಿಚ್ಚಿ ನೋಡಿದ್ರು. ಒಳಗೆ ಚಕ್ರದ ಒಂದು ಹಲ್ಲು ಹೋಗಿದೆಯಂತೆ. ಅವರೇ ಕೂರಿಸ್ಕೊಡ್ತಾರಂತೆ."

ಅವರು. ಸರ್ವನಾಮ. ನಾಮಪದ ಮೊದಲು ಬಂದಿರಬೇಕು, ಸರ್ವನಾಮ ಆಮೇಲೆ. ಹೋದ ವರ್ಷ 'ಪಕ್ಕದ ಅಂಗಡಿಯವರು'. ಮಳೆಗಾಲದಲ್ಲಿ 'ಗಡಿಯಾರದವರು'. ಈಗ ಬರೀ 'ಅವರು'. ಹೆಂಗಸರ ಬಾಯಲ್ಲಿ ಬರೀ 'ಅವರು' ಎಂದರೆ ಯಾರು ಎಂಬುದಕ್ಕೆ ಟಿಪ್ಪಣಿ ಬೇಡ.

"ಅವರು ಅಂದ್ರೆ?" ಎಂದೆ.

ಅಕ್ಕ ನೂಲನ್ನು ಹಲ್ಲಿನಲ್ಲಿ ಕಡಿದಳು. "ಕೇಳಿದಾರೆ ಕಣೋ. ಮದುವೆ ಆಗೋಣ್ವಾ ಅಂತ."

ಅಕ್ಕನಿಗೆ ಐವತ್ತನಾಲ್ಕು. ಮಶಿನ್ನಿನ ಪೆಡಲು ತುಳಿದು ತುಳಿದು ನನ್ನನ್ನು ಮೇಷ್ಟ್ರು ಮಾಡಿದವಳು. ತನ್ನದು ಎಂದು ಯಾವುದನ್ನೂ ಕೇಳಿದವಳಲ್ಲ.

"ನೀನೇನಂದೆ?"

"ತಮ್ಮನ್ನ ಕೇಳಿ ಹೇಳ್ತೀನಿ ಅಂದೆ."

"ನನ್ನನ್ಯಾಕೆ ಕೇಳ್ತೀಯ?"

"ಇನ್ಯಾರನ್ನ ಕೇಳ್ಲಿ? ನೀನು ಹ್ಞೂಂ ಅಂದ್ರೆ ಹ್ಞೂಂ. ಊಹ್ಞೂಂ ಅಂದ್ರೆ ಅಲ್ಲಿಗೆ ಮುಗೀತು. ತಮಾಷೆ ಮಾಡ್ಬೇಡ, ಒಂದು ಮಾತು ಹೇಳು."

ಹೇಳಿದೆ. "ಮೊದ್ಲು ವಿಮಾನ ಹಾರ್ಲಿ. ಹಾರಿದ ದಿನ ಹೇಳ್ತೀನಿ."

ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಹಾರಿದ ದಿನ. ಮಾತು ತಪ್ಪಬಾರ್ದು" ಎಂದಳು.

ಹಾರಿಕೆಯ ಉತ್ತರ ಎಂದರೆ ಇದೇ. ಅಪ್ಪ ಅಮ್ಮ ಹೋದ ಮೇಲೆ ಇಪ್ಪತ್ತೆಂಟು ವರ್ಷ, ಈ ಮನೆಯಲ್ಲಿ ನಾವಿಬ್ಬರೇ. ಅವಳು ಹೊರಟರೆ ಮನೆಯಲ್ಲಿ ಬಹುವಚನವೇ ಇರುವುದಿಲ್ಲ.

ನವೆಂಬರ್ 9, ಭಾನುವಾರ. ಮಧ್ಯಾಹ್ನ

ಗಡಿಯಾರದವರು ಮನೆಗೇ ಬಂದರು. ಹತ್ತಕ್ಕೆ ಎಂದವರು ಹತ್ತಕ್ಕೇ ಬಂದರು. ಇಷ್ಟು ಸರಿಯಾಗಿ ಬರುವವರನ್ನು ನಂಬುವುದು ಹೇಗೆ? ಗಡಿಯಾರದೊಳಗೆ ತಿರುಗುವ ಕಡ್ಡಿಗೆ ಮುಳ್ಳು ಎಂದು ಹೆಸರಿಟ್ಟ ಪುಣ್ಯಾತ್ಮನಿಗೂ ಒಬ್ಬಳು ಅಕ್ಕ ಇದ್ದಿರಬೇಕು.

ವಿಧುರರು. ಮಾತು ಕಮ್ಮಿ. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಟೇಬಲ್ಲಿನ ಮೇಲೆ ಎತ್ತರದ ಪ್ರಕಾರ ಜೋಡಿಸಿದರು. ಮೋಟಾರಿನ ಮೂರು ತಂತಿಗಳಿಗೆ ಹೊಸದಾಗಿ ಬೆಸುಗೆ ಹಾಕಿದರು. ಎಷ್ಟು ಅಚ್ಚುಕಟ್ಟು ಎಂದರೆ ಹೊಟ್ಟೆ ಉರಿಯಿತು. ಸ್ವಿಚ್ ಹಾಕಿದೆ. ವಿಮಾನ ಟೇಬಲ್ಲಿನ ಮೇಲೆ ಹಿಂದಕ್ಕೆ ಹೊರಟು ಬಾಲದಿಂದ ನನ್ನ ಕಾಫಿ ಕೆಡವಿತು. ಜೀವಮಾನವೆಲ್ಲ ಗಡಿಯಾರದ ಮುಳ್ಳು ತಿರುಗಿಸಿದವರು ಮೋಟಾರನ್ನು ಉಲ್ಟಾ ತಿರುಗಿಸಿದ್ದರು!

ಬಿಡುತ್ತೇನೆಯೆ? "ಏನು ಸ್ವಾಮಿ, ಟೈಮನ್ನ ಹಿಂದಕ್ಕಿಟ್ರಾ?"

"ಇಡೋಕೆ ಬರೋ ಹಾಗಿದ್ರೆ ಮೂವತ್ತು ವರ್ಷ ಹಿಂದಕ್ಕಿಡ್ತಿದ್ದೆ, ಮೇಷ್ಟ್ರೇ." ಅಕ್ಕನ ಕಡೆ ನೋಡಲಿಲ್ಲ. ತಂತಿಯನ್ನೇ ನೋಡುತ್ತ ಹೇಳಿದರು. ಎರಡು ತಂತಿ ಅದಲು ಬದಲು ಮಾಡಿದರು. ಸರಿಹೋಯಿತು.

ಆಮೇಲೆ ಅಳತೆ ಶುರು. ಸ್ಟೀಲ್ ಸ್ಕೇಲು ತೆಗೆದು ರೆಕ್ಕೆಗಳನ್ನು ಅಳೆದರು. ಇನ್ನೊಮ್ಮೆ ಅಳೆದರು. "ಎಡದ್ದು ದೊಡ್ಡದಿದೆ. ಸುತ್ತಲೂ ಅರ್ಧ ಇಂಚು."

ಬಲ ರೆಕ್ಕೆ ಕತ್ತರಿಸಿದ್ದು ನಾನು. ಎಡ ಅಕ್ಕ. ಇಬ್ಬರೂ ಅವಳತ್ತ ನೋಡಿದೆವು.

"ಹೊಲಿಗೆಗೆ ಅಂತ ಬಿಟ್ಟಿದ್ದೆ."

"ಅಂಟು ಹಾಕೋದಕ್ಕೆ ಹೊಲಿಗೆ ಎಲ್ಲಿಂದ ಬಂತೇ ಅಕ್ಕ?"

"ಕತ್ತರಿ ಹಿಡಿದ್ರೆ ಕೈ ತಾನಾಗೇ ಬಿಡತ್ತೆ, ನಾನೇನ್ಮಾಡ್ಲಿ? ನಾಳೆ ನಿನ್ನ ವಿಮಾನ ದಪ್ಪ ಆದ್ರೆ ಬಿಚ್ಚಿ ದೊಡ್ಡದು ಮಾಡ್ಬೋದು ನೋಡು."

ಅವರು ನಕ್ಕರು. ನಕ್ಕರೆ ಹತ್ತು ವರ್ಷ ಕಮ್ಮಿ ಕಾಣುತ್ತಾರೆ. ಗಡಿಯಾರ ಹಿಂದಕ್ಕಿಡಲು ಬರುತ್ತದೆ ಅವರಿಗೆ, ಸುಳ್ಳು ಹೇಳುತ್ತಾರೆ.

ಅಂದರೆ ಇದು ಬಲಕ್ಕೇ ವಾಲುತ್ತಿದ್ದದ್ದು ನನ್ನ ಹೆಬ್ಬೆರಳಿನ ತಪ್ಪಲ್ಲ. ಅಕ್ಕನ ಅರ್ಧ ಇಂಚು. ದೊಡ್ಡದನ್ನು ಕತ್ತರಿಸುವುದು ಬೇಡ, ರೆಕ್ಕೆ ಅಗಲವಾದಷ್ಟೂ ನಿಧಾನವಾಗಿ ತೇಲುತ್ತದೆ ಎಂದು ತೀರ್ಮಾನ. ತೀರ್ಮಾನ ಅವರಿಬ್ಬರದು. ಹೊಸ ಬಲ ರೆಕ್ಕೆ, ಅದಕ್ಕೂ ಅರ್ಧ ಇಂಚು ಬಿಟ್ಟು. ನಾನು ಗ್ಲೂ ಗನ್ ಹಿಡಿದು ನಿಂತಿದ್ದೆ, ಮದುವೆ ಮನೆಯಲ್ಲಿ ಪರಿಚಯವಿಲ್ಲದವನ ಹಾಗೆ.

ಆಗಮ ಸಂಧಿ ಎಂದು ಪಾಠ ಮಾಡುತ್ತೇನೆ. ಎರಡು ಸ್ವರ ಪಕ್ಕಪಕ್ಕ ಇದ್ದರೆ ನಡುವೆ ಕರೆಯದೆಯೇ ಒಂದು ಅಕ್ಷರ ಬಂದು ಕೂರುತ್ತದೆ. ಮನೆ, ಅಲ್ಲಿ — ಮನೆಯಲ್ಲಿ. ಆ 'ಯ' ಯಾರ ಅಪ್ಪಣೆ ಕೇಳಿತು?

ನವೆಂಬರ್ 16, ಭಾನುವಾರ. 9 ಗಂಟೆ

ಇಪ್ಪತ್ತೊಂದು ಸೆಕೆಂಡು. ನೇರವಾಗಿ ಹೋಯಿತು. ಅಕ್ಕ ಚಪ್ಪಾಳೆ ತಟ್ಟಲು ಕೈ ಎತ್ತಿದಳು. ಅಷ್ಟರಲ್ಲಿ ಬಾಲ ಬಿಚ್ಚಿತು — ನುಡಿಗಟ್ಟಿನ ಅರ್ಥದಲ್ಲೂ, ನಿಜದ ಅರ್ಥದಲ್ಲೂ. ಮೂಗು ಮೇಲೆ, ಇನ್ನೂ ಮೇಲೆ, ಆಕಾಶದಲ್ಲಿ ಕುರ್ಚಿ ಹಾಕಿ ಕೂತಂತೆ ಒಂದು ಗಳಿಗೆ ನಿಂತು, ಹಿಮ್ಮುಖವಾಗಿ ಬಿತ್ತು. ಬಾಲದ ಅಂಟು ಬಿಟ್ಟುಹೋಯಿತು.

ಬಾಲ ಭಾರವಾಗಿತ್ತು. ರೆಕ್ಕೆಯ ಮುಂಭಾಗದಲ್ಲಿ ಎರಡು ಬೆರಳಿಟ್ಟು ಎತ್ತಿದರೆ ತಕ್ಕಡಿಯ ಹಾಗೆ ಸಮ ನಿಲ್ಲಬೇಕು. ಹಾಗೆ ನಿಲ್ಲಲೆಂದು ಬ್ಯಾಟರಿಯನ್ನು ಮೂಗಿನ ಹತ್ತಿರ ತಳ್ಳಬೇಕು. ಗಡಿಯಾರದವರು ಪೆನ್ಸಿಲಿನಲ್ಲಿ ಗೆರೆಯನ್ನೂ ಹಾಕಿಕೊಟ್ಟಿದ್ದರು. ಬ್ಯಾಟರಿ ಕಟ್ಟಿದವನು ನಾನು. ಕಟ್ಟಿದ್ದು ಗೆರೆಯಿಂದ ಮೂರು ಬೆರಳು ಹಿಂದೆ.

ಮರೆತೆನೋ, ಮರೆತ ಹಾಗೆ ಮಾಡಿದೆನೋ. ಇಲ್ಲಿ ಸುಳ್ಳು ಬರೆದು ಯಾರಿಗೆ ಪ್ರಯೋಜನ? ಕಟ್ಟುವಾಗ ಗೆರೆ ಕಂಡಿತ್ತು.

ಅಕ್ಕ ಬಾಲ ಹುಡುಕಿ ತಂದಳು. ಹುಲ್ಲಿನ ಬೀಜ ಸೀರೆಗೆ ಅಂಟಿತ್ತು. "ಮುಂದಿನ ವಾರ ಆಗತ್ತೆ ಬಿಡು" ಎಂದಳು.

ನವೆಂಬರ್ 19, ಬುಧವಾರ

ಬಾಲ ಅಂಟಿಸುವಾಗ ಹೆಬ್ಬೆರಳು ಸುಟ್ಟಿತು. ಅಂಟಿನ ನಂಟು. ಬೋರ್ಡಿನ ಮೇಲೆ ಬರೆಯಲಾಗದೆ ಇಡೀ ದಿನ ಬಾಯಲ್ಲೇ ಪಾಠ. ಹುಡುಗರಿಗೆ ಖುಷಿ. ನನಗೆ ಯಾವುದೂ ಖುಷಿ ಇಲ್ಲ. ವಿಮಾನ ಬಿದ್ದರೆ ಸಿಟ್ಟು. ಹಾರಿದರೆ ಏನಾಗುತ್ತದೆ ಎಂದು ನೆನೆದರೆ ಇನ್ನೂ ಸಿಟ್ಟು.

ನವೆಂಬರ್ 23, ಭಾನುವಾರ. 8.30

ಕನ್ನಡಕ್ಕೆ ಬೆಂಕಿ ಬೀಳಲಿ. ಹೊಟ್ಟೆಪಾಡಿನ ಭಾಷೆಯ ಬಗ್ಗೆ ಹೀಗೆ ಬರೆಯಬಾರದು, ಆದರೂ.

ಬ್ಯಾಟರಿ ಈ ಸಲ ಗೆರೆಯ ಮೇಲೇ ಇತ್ತು. ಆಣೆ. ಅಕ್ಕ ವಿಮಾನ ಎತ್ತಿ ಹಿಡಿದು ನಿಂತಿದ್ದಳು. ನಾನು ಪಕ್ಕದಲ್ಲಿ. ರಿಮೋಟಿನ ಕೆಂಪು ದೀಪ ಮಿಣುಕುತ್ತಿತ್ತು, ಏಕೆಂದು ತಿಳಿಯದೆ ಗುಂಡಿಗಳನ್ನು ಒತ್ತುತ್ತಿದ್ದೆ. ಮೋಟಾರು ಶುರುವಾಗಿರಲಿಲ್ಲ.

"ಅವರಿಗೆ ಏನು ಹೇಳ್ಲಿ?" ಎಂದಳು, ಕೈ ಮೇಲೆತ್ತಿಕೊಂಡೇ.

"ಏನಂತೆ ಅವರಿಗೆ?"

"ಏನೂ ಅನ್ನಲ್ಲ. ಕೇಳ್ದೇ ಕೂತಿರ್ತಾರೆ. ಅದೇ ಕಷ್ಟ."

ನನ್ನ ತಲೆಯೆಲ್ಲ ಕೆಂಪು ದೀಪದಲ್ಲಿ. "ಅದನ್ನೆಲ್ಲ ಬಿಡಕ್ಕ!" ಎಂದೆ.

ಬಿಟ್ಟಳು. ವಿಮಾನವನ್ನು.

ಗಾಳಿಪಟ ಬಿಡು, ಬಸ್ಸು ಬಿಡು, ಕಾಫಿ ಬಿಡು, ದಾರಿ ಬಿಡು, ಹೋಗಲಿ ಬಿಡು. ಒಂದು ಧಾತುವಿಗೆ ಇಷ್ಟು ಅರ್ಥ ಇಟ್ಟವರನ್ನು ಸಾಲಾಗಿ ನಿಲ್ಲಿಸಿ ಕೇಳಬೇಕು. ಅವಳ ಕಾಲಿನ ಬುಡದಲ್ಲೇ ಬಿತ್ತು, ಕಲ್ಲಿನ ಮೇಲೆ. ಪ್ರೊಪೆಲರ್ ತುಂಡು. ಮೂಗು ಚಪ್ಪಟೆ. ಈ ಸಲ ಸರ್ವೋತ್ತಮವೂ ಸತ್ತಿತು.

ಹೊಟ್ಟೆ ಹಿಡಿದುಕೊಂಡು ನಕ್ಕೆ. "ಬಿಡು ಅಂದಿದ್ದು ವಿಮಾನ ಅಲ್ವೇ ಅಕ್ಕ!"

ಅವಳು ನಗಲಿಲ್ಲ. ತುಂಡುಗಳನ್ನು ಆರಿಸಿ ಸೆರಗಿಗೆ ಹಾಕಿಕೊಂಡಳು. "ಸರಿ" ಎಂದಳು.

ತರಗತಿಯಲ್ಲಿ ಹೇಳಲು ಒಳ್ಳೆಯ ಉದಾಹರಣೆ.

ಡಿಸೆಂಬರ್ 9, ಮಂಗಳವಾರ

ಹದಿನಾರು ದಿನ ಬರೆದಿಲ್ಲ. ಪರೀಕ್ಷೆ, ಪೇಪರು. ವಿಮಾನ ಕಪಾಟಿನ ಮೇಲೆ ಮೂಗಿಲ್ಲದೆ ಕೂತಿದೆ.

ಗಡಿಯಾರದವರು ಬಂದಿಲ್ಲ. ಎರಡು ಭಾನುವಾರವೂ ಇಲ್ಲ. ಸರ್ವೋ ಏನಾಯಿತು ಎಂದು ಕೇಳಿದೆ.

"ಗಡಿಯಾರದವರ ಹತ್ರ ಇದೆ. ನೀನೇ ಹೋಗಿ ತಗೊಂಡು ಬಾ."

ನಾಮಪದ ವಾಪಸ್ಸು ಬಂದಿದೆ. ಮೊದಲಿಗೆ ಎದೆ ಹಗುರವಾಯಿತು, ನಿಜ. ಆಮೇಲೆ ಅವಳನ್ನು ನೋಡಿದೆ. ಮಶಿನ್ನಿನ ಮುಂದೆ ಕೂತಿದ್ದಾಳೆ, ಬಟ್ಟೆ ಓಡುತ್ತಿದೆ, ಕಾಲು ಓಡುತ್ತಿದೆ, ಅವಳು ಅಲ್ಲಿಲ್ಲ. ನನ್ನ ಹಳೇ ಜೋಕು ಹೇಳಿದೆ. "ಹ್ಞೂಂ" ಎಂದಳು. ಆ ಜೋಕಿಗೆ ಅವಳು ಮೂವತ್ತು ವರ್ಷದಿಂದ ಬೈಯುತ್ತಿದ್ದಳು.

ಡಿಸೆಂಬರ್ 12, ಶುಕ್ರವಾರ. ಸಂಜೆ 7

ಅಂಗಡಿಗೆ ಹೋಗಿದ್ದೆ. ಗೋಡೆಯ ತುಂಬ ಗಡಿಯಾರ, ಒಂದೊಂದರಲ್ಲಿ ಒಂದೊಂದು ಹೊತ್ತು. ಸರ್ವೋ ಎಂದೋ ರೆಡಿಯಾಗಿತ್ತು. ಚಿಕ್ಕ ಡಬ್ಬಿ, ಒಳಗೆ ಹತ್ತಿ, ಹತ್ತಿಯ ಮೇಲೆ ಸರ್ವೋ.

"ಮನೆ ಕಡೆ ಬರ್ಲೇ ಇಲ್ವಲ್ಲ?" ಎಂದೆ.

"ನಿಮ್ಮಕ್ಕ ಹೇಳಿದ್ರು, ಮೇಷ್ಟ್ರೇ."

"ಏನಂತ?"

"ತಮ್ಮ ಬಿಡು ಅಂದ, ಬಿಟ್ಬಿಡೋಣ ಅಂತ."

ಬಾಯಿ ತೆರೆದೆ. ಇಪ್ಪತ್ತು ವರ್ಷ ಬಾಯಿಂದಲೇ ಬದುಕಿದವನು. ಡಬ್ಬಿಯ ಮುಚ್ಚಳ ಮುಚ್ಚಿದೆ.

"ಇರ್ಲಿ. ನಿಮ್ಮ ಮೇಲೆ ಬೇಜಾರಿಲ್ಲ" ಎಂದರು. "ನಾನು ಕೇಳಿದ್ದೇ ಲೇಟು. ಗಡಿಯಾರದವನು ಹಾಗೆ ಹೇಳ್ಬಾರ್ದು, ಆದ್ರೂ." ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೆಲಸಕ್ಕೆ ಬಗ್ಗಿದರು.

ದಾರಿಯಲ್ಲಿ ಹೊಳೆಯಿತು. ಎಸೆದ ವಿಮಾನ, ಮೋಟಾರು ಇಲ್ಲದಿದ್ದರೂ, ಹತ್ತು ಹೆಜ್ಜೆಯಾದರೂ ಮುಂದೆ ಹೋಗಿ ಬೀಳಬೇಕು. ಅದು ಬಿದ್ದದ್ದು ಅವಳ ಕಾಲಿನ ಬುಡದಲ್ಲಿ. ಅವಳು ನನ್ನ ಮಾತು ತಪ್ಪು ತಿಳಿದು ವಿಮಾನ ಎಸೆಯಲಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು ಎಂದುಕೊಂಡಳು, ಕೈ ಸೋತಿತು. ವಿಮಾನ ತಾನಾಗಿ ಬಿತ್ತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಡಿಸೆಂಬರ್ 14, ಭಾನುವಾರ. ಬೆಳಗ್ಗೆ 10

ನಿನ್ನೆಯೆಲ್ಲ ಕೂತು ಹೊಸ ಮೂಗು ಮಾಡಿದೆ, ಹೊಸ ಪ್ರೊಪೆಲರ್ ಹಾಕಿದೆ. ಒಬ್ಬನೇ. ಸುಮಾರಾಗಿದೆ. ಈ ದಿನ ಹಾರಿಸಿ, ಹಾರಿದ ಕೂಡಲೇ ಹೇಳಿಬಿಡುವುದು ಎಂದು ಲೆಕ್ಕ ಹಾಕಿದ್ದೆ. ಬಯಲಿಗೆ ಹೋದರೆ ಗಾಳಿ. ನಿಂತವರ ಕನ್ನಡಕ ಕಿತ್ತುಕೊಳ್ಳುವಂಥ ಗಾಳಿ. ಇಷ್ಟು ದಿನ ನೆಪ ಬೇಕಿದ್ದಾಗ ಇದಕ್ಕೆ ಏನಾಗಿತ್ತು?

ಅರ್ಧ ಗಂಟೆ ಕಾದೆವು. ನಿಲ್ಲಲಿಲ್ಲ. ಹಾರದಿದ್ದರೆ ಹೋಗಲಿ ಎಂದು ಹೇಳಿಯೇಬಿಟ್ಟೆ.

"ಅಕ್ಕ, ನೀನು ಅವರನ್ನ ಮದುವೆ ಆಗು. ಅವತ್ತು ನಾನು ಬಿಡು ಅಂದಿದ್ದು ಆಮೇಲೆ ಮಾತಾಡೋಣ ಅಂತ. ಬೇಡ ಅಂತ ಅಲ್ಲ."

ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಕೆಂಡವಾದಳು.

"ಆಮೇಲೆ ಅಂದ್ರೆ ಯಾವಾಗ? ಆರು ವಾರದಿಂದ ನಿನ್ನ ಹಿಂದೆ ಹುಲ್ಲಲ್ಲಿ ಓಡಿದೀನಿ ಕಣೋ, ಬಾಲ ಹೆಕ್ಕೊಂಡು, ಮೂಗು ಹೆಕ್ಕೊಂಡು. ಬ್ಯಾಟರಿ ಹಿಂದಿಟ್ಟಿದ್ದು ನಂಗೆ ಕಾಣ್ಲಿಲ್ಲ ಅಂದ್ಕೊಂಡ್ಯಾ? ಟೈಲರ್ ಕಣ್ಣಿಗೆ ಮೂರು ಬೆರಳು ವ್ಯತ್ಯಾಸ ಕಾಣಲ್ವಾ?"

ಬ್ಯಾಟರಿಯ ಮೇಲೆ ಕೈ ಮುಚ್ಚಿ ಹಿಡಿದೆ.

"ಒಂದು ಮಾತು ಕೇಳಿದ್ದೆ. ಅದಕ್ಕೆ ನೂರು ಚೇಷ್ಟೆ. ಈಗ ಬೇಡ ಅಂತ ನನ್ನ ಬಾಯಿಂದಾನೇ ಹೇಳಿ ಬಂದಾಯ್ತು. ಮತ್ತೆ ಹೋಗಿ ಬೇಕು ಅನ್ಲಾ? ಗೋಡೆ ಪಕ್ಕ ಕೂತು ದಿನಾ ಕೆಲಸ ಮಾಡೋಳು ನಾನು. ನಂಗೇನು ಮರ್ಯಾದೆ ಇಲ್ವಾ?"

ಅವಳು ಮುಂದೆ ನಡೆದಳು. ನಾನು ರೆಕ್ಕೆ ಗಾಳಿಗೆ ಬಡಿಯದಂತೆ ವಿಮಾನ ಅಪ್ಪಿಕೊಂಡು ಹಿಂದೆ. ಮನೆಗೆ ಬರುವಷ್ಟರಲ್ಲಿ ಹೊಸ ಮೂಗೂ ಸೊಟ್ಟ.

ಡಿಸೆಂಬರ್ 17, ಬುಧವಾರ. ಸಂಜೆ 6.15

ಹೋದೆ. ದಾರಿಯುದ್ದಕ್ಕೂ ಒಂದೇ ವಾಕ್ಯ ಬಾಯಿಪಾಠ. ಶ್ಲೇಷೆ ಇಲ್ಲ, ಗಾದೆ ಇಲ್ಲ. ಕರ್ತೃ, ಕರ್ಮ, ಕ್ರಿಯಾಪದ.

ಅಲಾರಾಂ ಗಡಿಯಾರ ತಂದ ಹೆಂಗಸೊಬ್ಬರು ಮುಂದೆ ನಿಂತಿದ್ದರು. ಅದು ಏಕೆ ಹೊಡೆಯುವುದಿಲ್ಲ, ಯಾವಾಗಿನಿಂದ ಹೊಡೆಯುವುದಿಲ್ಲ, ಹೊಡೆಯದೆ ಯಾರು ಯಾರು ಎಷ್ಟು ಹೊತ್ತಿಗೆ ಎದ್ದರು. ಹತ್ತು ನಿಮಿಷ. ಗೋಡೆಯಾಚೆ ಅಕ್ಕನ ಮಶಿನ್ನು ಓಡುವುದು ಕೇಳುತ್ತಿತ್ತು. ಅಂದರೆ ನಾನು ಹೇಳುವುದು ಅಲ್ಲಿಗೂ ಕೇಳುತ್ತದೆ. ದನಿ ತಗ್ಗಿಸಿದೆ.

"ನಮ್ಮಕ್ಕನ್ನ ನೀವು ಮದುವೆ ಆಗ್ಬೇಕು. ಅವಳು ಬೇಡ ಅಂದಿದ್ದು ನನ್ನ ಮಾತು ಕೇಳಿ. ನಾನು ಬೇಡ ಅಂದಿರ್ಲಿಲ್ಲ. ಹ್ಞೂಂ ಅನ್ನೋಕೆ ಹೆದರಿದ್ದೆ."

ಕೊನೆಯ ವಾಕ್ಯ ಬಾಯಿಪಾಠದಲ್ಲಿ ಇರಲಿಲ್ಲ.

ಅವರು ಭೂತಗನ್ನಡಿ ತೆಗೆದರು. "ಇದನ್ನ ಅವರಿಗೂ ಹೇಳಿದ್ರಾ?"

"ಹೇಳ್ದೆ. ಬೈದ್ಲು. ಮತ್ತೆ ಹೋಗಿ ಹೇಳೋಕೆ ಮರ್ಯಾದೆ ಇಲ್ವಾ ಅಂದ್ಲು."

ಭೂತಗನ್ನಡಿಯನ್ನು ಟೇಬಲ್ಲಿನ ಮೇಲಿಟ್ಟರು. ಒಳಗಿನ ಚಕ್ರ ಯಾವುದು ಯಾವುದಕ್ಕೆ ಕಚ್ಚುತ್ತದೆ ಎಂದು ನೋಡುವ ಮುಖ. "ಹೋಗೋಕೆ ಮರ್ಯಾದೆ ಅಂದ್ರು. ಬೇಡ ಅನ್ಲಿಲ್ಲ."

"ಇಲ್ಲ."

"ಭಾನುವಾರ ಎಷ್ಟೊತ್ತಿಗೆ ಹಾರಿಸ್ತೀರಿ?"

"ಏಳಕ್ಕೆ."

"ಬರ್ತೀನಿ. ಕೇಳೋದನ್ನ ನಾನೇ ಕೇಳ್ತೀನಿ. ಬ್ಯಾಟರಿ ಮಾತ್ರ ಗೆರೆ ಮೇಲಿಡಿ, ಮೇಷ್ಟ್ರೇ."

ಇವರಿಗೂ ಗೊತ್ತಿತ್ತು! ಊರಿಗೆಲ್ಲ ಗೊತ್ತಿದ್ದ ಗುಟ್ಟನ್ನು ನಾನೊಬ್ಬ ಡೈರಿಯಲ್ಲಿ ಬಚ್ಚಿಟ್ಟಿದ್ದೆ. ಹೊರಗೆ ಬಂದಾಗ ಗಮನಿಸಿದೆ — ಗೋಡೆಯಾಚೆಯ ಮಶಿನ್ನು ಎಷ್ಟು ಹೊತ್ತಿನಿಂದ ನಿಂತಿತ್ತೋ.

ಡಿಸೆಂಬರ್ 21, ಭಾನುವಾರ. 12 ಗಂಟೆ

ಏಳಕ್ಕೆ ಏಳೇ. ಇಸ್ತ್ರಿ ಶರಟು. ಅಕ್ಕ ಅವರನ್ನು ನೋಡಿ ನನ್ನ ಕಡೆ ಕಣ್ಣು ಬಿಟ್ಟಳು. ನಾನು ಬ್ಯಾಟರಿಯನ್ನೇ ನೋಡುತ್ತಿದ್ದೆ. ಗೆರೆಯ ಮೇಲೆ. ಅವರೊಮ್ಮೆ, ಅಕ್ಕ ಒಮ್ಮೆ ಬಗ್ಗಿ ಪರೀಕ್ಷಿಸಿದರು. ನನ್ನ ಮೇಲಿನ ನಂಬಿಕೆ ಅಷ್ಟು.

ಮೊದಲ ಸಲ ನಾನು ಹಾರಿಸಿದೆ. ಹನ್ನೆರಡು ಸೆಕೆಂಡು. ನನ್ನತ್ತ ತಿರುಗಿತು, ಹೆಬ್ಬೆರಳು ಕೈಕೊಟ್ಟಿತು, ಪೊದೆಯೊಳಗೆ ಹೋಯಿತು. ಈ ಸಲ ಅರ್ಧ ಇಂಚಿನ ನೆಪವೂ ಇಲ್ಲ. ಸಿಟ್ಟಿಗೆ ರಿಮೋಟನ್ನು ನೆಲಕ್ಕೆ ಕುಕ್ಕಲು ಹೊರಟಿದ್ದೆ. ಅಕ್ಕ ಕಸಿದುಕೊಂಡಳು.

"ಎಸಿ. ನಾನು ನೋಡ್ತೀನಿ."

ಎಸೆದೆ. ಹೋಯಿತು. ಬಯಲಿನ ತುದಿ ಮುಟ್ಟಿ ತಿರುಗಿತು. ಅವಳತ್ತ ಮುಖ ಮಾಡಿ ಬಂತು. ನಾನು "ಎಡ! ಅಲ್ಲ, ಬಲ!" ಎಂದು ಕೂಗಿಕೊಂಡೆ. ಅವಳು ಕೇಳಿಸಿಕೊಳ್ಳಲೂ ಇಲ್ಲ. ನಮ್ಮ ತಲೆಯ ಮೇಲೆ ಸಮವಾಗಿ ಹಾದುಹೋಯಿತು.

"ಅದು ಹೇಗೆ ಗೊತ್ತಾಗತ್ತೆ ನಿಂಗೆ?"

"ಬಟ್ಟೆ ಒಳಮೈ ತಿರುಗ್ಸಿ ಹೊಲಿಯೋಳು ಕಣೋ ನಾನು. ನಿಮಗೆ ಎಡ ಅನ್ನೋದು ನನಗೆ ದಿನಾ ಬಲಾನೇ."

ನಾಲ್ಕು ನಿಮಿಷ. ಅಗಲ ರೆಕ್ಕೆ, ಆತುರವೇ ಇಲ್ಲ. ಮಾಡಿದವನು ನಾನು, ಮುರಿದವನು ನಾನು, ಸುಟ್ಟದ್ದು ನನ್ನ ಬೆರಳು, ಹಾರಿದ್ದು ಅವಳ ಕೈಯಲ್ಲಿ. ಆದರೂ ಕಣ್ಣು ಕೀಳಲು ಆಗಲಿಲ್ಲ.

ದೂರದಲ್ಲಿ ಇಳಿಸಿದಳು. ತರಲು ನಾನು ಓಡಿದೆ. ಈ ಸಲ ಓಡುವ ಸರದಿ ನನ್ನದು. ಎತ್ತಿಕೊಂಡು ತಿರುಗಿ ನೋಡಿದರೆ ಅವರು ಏನೋ ಕೇಳುತ್ತಿದ್ದರು. ಕೈಗಳು ಬೆನ್ನ ಹಿಂದೆ, ಪಾಠ ಒಪ್ಪಿಸುವ ಹುಡುಗನ ಹಾಗೆ. ಮಾತು ಅಷ್ಟು ದೂರಕ್ಕೆ ಕೇಳಿಸಲಿಲ್ಲ. ಅಕ್ಕ ರಿಮೋಟಿನ ಏರಿಯಲ್ಲನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಆಮೇಲೆ ತಲೆಯಾಡಿಸಿದಳು. ಮೇಲೆ, ಕೆಳಗೆ. ದೂರದಿಂದಲೂ ಸ್ಪಷ್ಟ. ನಾನು ಅಲ್ಲೇ ಇನ್ನೊಂದು ಸ್ವಲ್ಪ ಹೊತ್ತು ರೆಕ್ಕೆ ಪರೀಕ್ಷಿಸಿದೆ. ಏನೂ ಆಗಿರಲಿಲ್ಲ ಅದಕ್ಕೆ.

ಈಗ ಊಟಕ್ಕೆ ಇಲ್ಲೇ ಇದ್ದಾರೆ. ಅಡುಗೆಮನೆಯಲ್ಲಿ ಇಬ್ಬರ ದನಿ. ಮಿಕ್ಸಿ ಏಕೆ ಸದ್ದು ಮಾಡುತ್ತದೆ ಎಂದು ಬಿಚ್ಚುತ್ತಿದ್ದಾರಂತೆ. ಅಕ್ಕ ಕೂಗುತ್ತಿದ್ದಾಳೆ — ಬರೆದದ್ದು ಸಾಕು, ಮೂರು ತಟ್ಟೆ ಹಾಕು ಅಂತ. ಸ್ಟ್ಯಾಂಡಿನಲ್ಲಿ ಇರುವುದು ಎರಡು. ಇಷ್ಟು ವರ್ಷ ಅಷ್ಟೇ ಸಾಕಾಗಿತ್ತು. ಇನ್ನೊಂದು ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಇರಬೇಕು, ಸ್ಟೂಲು ಹತ್ತಬೇಕು. ಇವತ್ತಿಗೆ ಮೂರು. ಮುಂದಿನ ತಿಂಗಳಿಂದ ಒಂದು. ಎರಡು ಇಟ್ಟುಕೊಂಡು ನಾನು — ಮತ್ತೆ ಕೂಗಿದಳು, ಸ್ಟೂಲು ಹತ್ತಲು ಹೊರಟೆ.